ಡಿಸಿಎಫ್77: ದೀರ್ಘ ತರಂಗದಲ್ಲಿ ಬರುವ ಸಮಯವನ್ನು ಹಿಡಿದು ಓದುವುದು ಹೇಗೆ?

ಜರ್ಮನಿಯ ಫ್ರಾಂಕ್‌ಫರ್ಟ್ ನಗರದಿಂದ ಆಗ್ನೇಯಕ್ಕೆ ಸುಮಾರು 25 ಕಿ.ಮೀ. ಹೋದರೆ ಮೈನ್‌ಫ್ಲಿಂಗೆನ್ ಎಂಬ ಊರು ಸಿಗುತ್ತದೆ. ಅಲ್ಲಿನ ಡಿಸಿಎಫ್77 ರೇಡಿಯೊ ಕೇಂದ್ರ 77.5 ಕಿಲೋಹರ್ಟ್ಜ್‌ನಲ್ಲಿ ಹಗಲೂ ರಾತ್ರಿ ಸಮಯ ಹೇಳುತ್ತಿರುತ್ತದೆ. ಕೇಂದ್ರದ ಶಕ್ತಿ 50 ಕಿಲೋವ್ಯಾಟ್. ತರಂಗದ ಉದ್ದ ಹತ್ತಿರಹತ್ತಿರ 3.9 ಕಿ.ಮೀ. 1959ರಲ್ಲಿ ಶುರುವಾದ ಈ ಪ್ರಸಾರಕ್ಕೆ ದಿನಾಂಕ ಮತ್ತು ಗಂಟೆಯ ಮಾಹಿತಿ ಸೇರಿದ್ದು 1973ರಲ್ಲಿ. ಅದರ ಸಮಯಕ್ಕೆ ಹೊಣೆ ಹೊತ್ತಿರುವುದು ಬ್ರೌನ್‌ಶ್ವೈಗ್‌ನಲ್ಲಿರುವ ಜರ್ಮನಿಯ ರಾಷ್ಟ್ರೀಯ ಅಳತೆ ಸಂಸ್ಥೆ ಪಿಟಿಬಿ. ಕೇಂದ್ರದಲ್ಲೇ ಪರಮಾಣು ಗಡಿಯಾರಗಳಿವೆ.

ಯುರೋಪಿನ ಅಂಗಡಿಗಳಲ್ಲಿ ಸಿಗುವ ‘ರೇಡಿಯೊ ಗಡಿಯಾರ’ಗಳೆಲ್ಲ ಹೆಚ್ಚಾಗಿ ಇದನ್ನೇ ಕೇಳಿ ತಮ್ಮನ್ನು ತಾವೇ ಸರಿ ಮಾಡಿಕೊಳ್ಳುತ್ತವೆ. ಆ ಕೆಲಸವನ್ನು ನೀವೇ ಮಾಡಬಹುದು. ಬೇಕಾಗುವುದು ಬೆರಳುದ್ದದ ಆಂಟೆನಾ ಇರುವ ಒಂದು ರಿಸೀವರ್ ಮಾಡ್ಯೂಲ್, ಒಂದು ಮೈಕ್ರೋಕಂಟ್ರೋಲರ್ (ಪ್ರೋಗ್ರಾಂ ಓಡಿಸುವ ಪುಟ್ಟ ಕಂಪ್ಯೂಟರ್ ಚಿಪ್), ಮತ್ತೆ ಒಂದಿಷ್ಟು ತಾಳ್ಮೆ. ಇಂಟರ್ನೆಟ್ ಬೇಡ, ಜಿಪಿಎಸ್ ಬೇಡ. ಜರ್ಮನಿಯಲ್ಲಿ ಅಥವಾ ಸುತ್ತಲಿನ ದೇಶಗಳಲ್ಲಿ ಇರುವ ಕನ್ನಡಿಗರಿಗೆ ಇದು ಒಂದು ವಾರಾಂತ್ಯದಲ್ಲಿ ಕೈಗೂಡುವ ಕೆಲಸ. ಕರ್ನಾಟಕದಲ್ಲಿ ಕುಳಿತವರಿಗೂ ಕಲಿಯಲು ದಾರಿಯಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಈ ಪ್ರಾಜೆಕ್ಟ್ ಕೈಕೊಟ್ಟಾಗ ಎಲ್ಲರೂ ಪ್ರೋಗ್ರಾಂ ತಿದ್ದಲು ಕೂರುತ್ತಾರೆ. ತೊಂದರೆ ಸಾಮಾನ್ಯವಾಗಿ ಅಲ್ಲಿರುವುದಿಲ್ಲ, ಆಂಟೆನಾದ ಸುತ್ತಮುತ್ತ ಇರುತ್ತದೆ. ಹಾಗಾಗಿ ಶುದ್ಧವಾದ ಪಲ್ಸ್ (ಸೆಕೆಂಡಿಗೊಂದರಂತೆ ಬರುವ ಸಿಗ್ನಲ್ ಮಿಡಿತ) ಕಣ್ಣಿಗೆ ಕಾಣುವವರೆಗೆ ಡಿಕೋಡರ್ (ಆ ಮಿಡಿತಗಳಿಂದ ಸಮಯ ಬಿಡಿಸುವ ಪ್ರೋಗ್ರಾಂ) ಬರೆಯಲೇಬೇಡಿ. ಈ ಲೇಖನದ ಕ್ರಮವೂ ಅದೇ.

ಸಿಗ್ನಲ್ ಹೇಗಿರುತ್ತದೆ?

ತುಂಬಾ ಸರಳ. ಪ್ರತಿ ಸೆಕೆಂಡಿನ ಶುರುವಿನಲ್ಲಿ ಕ್ಯಾರಿಯರ್‌ನ (ಕೇಂದ್ರ ಬಿಡದೆ ಕಳಿಸುವ ಮೂಲ ತರಂಗದ) ಎತ್ತರ ಸುಮಾರು 15%ಕ್ಕೆ ಇಳಿಯುತ್ತದೆ. 100 ಮಿಲಿಸೆಕೆಂಡ್ ಇಳಿದಿದ್ದರೆ ಅದು ಸೊನ್ನೆ. 200 ಮಿಲಿಸೆಕೆಂಡ್ ಇಳಿದಿದ್ದರೆ ಒಂದು. ಆಮೇಲೆ ಮತ್ತೆ ಪೂರ್ತಿ ಎತ್ತರ. ಒಂದು ಸೆಕೆಂಡಿಗೆ ಒಂದೇ ಬಿಟ್.

59ನೇ ಸೆಕೆಂಡಿನಲ್ಲಿ ಮಾತ್ರ ಕ್ಯಾರಿಯರ್ ಇಳಿಯುವುದೇ ಇಲ್ಲ. ಹಾಗಾಗಿ ಎರಡು ಸೆಕೆಂಡ್ ಉದ್ದದ ಒಂದು ಖಾಲಿ ಜಾಗ ಕಾಣುತ್ತದೆ. ಅದರ ನಂತರ ಬರುವ ಮೊದಲ ಇಳಿತವೇ ಹೊಸ ನಿಮಿಷದ 0ನೇ ಸೆಕೆಂಡ್. ಇಡೀ ಡಿಕೋಡಿಂಗ್ ನಿಂತಿರುವುದು ಈ ಒಂದು ಮೌನದ ಮೇಲೆ.

ಇದೇ ಕ್ಯಾರಿಯರ್ ಮೇಲೆ 1983ರಿಂದ ಫೇಸ್ ಮಾಡ್ಯುಲೇಶನ್ (ತರಂಗದ ಏರಿಳಿತವನ್ನು ತುಸು ಹಿಂದೆ ಮುಂದೆ ಸರಿಸಿ ಮಾಹಿತಿ ಕಳಿಸುವುದು) ಕೂಡ ಇದೆ. ಇನ್ನೂ ಸೂಕ್ಷ್ಮವಾದ ಸಮಯ ಬೇಕಾದವರು ಅದನ್ನು ಬಳಸುತ್ತಾರೆ. ಅಗ್ಗದ ಮಾಡ್ಯೂಲ್‌ಗಳಿಗೆ ಅದು ಕಾಣುವುದಿಲ್ಲ, ಸದ್ಯಕ್ಕೆ ನಮಗೂ ಬೇಡ.

ಹಂತ 1: ಸಾಮಾನು ಆರಿಸುವುದು

ಮಾಡ್ಯೂಲ್ ಅಂದರೆ ಒಂದು ಫೆರೈಟ್ (ಕಾಂತಗುಣದ ಸಿರಾಮಿಕ್) ಕಡ್ಡಿ, ಅದರ ಮೇಲೆ ಸುತ್ತಿದ ಕಾಯಿಲ್ (ಇವೆರಡೂ ಸೇರಿದ್ದೇ ಆಂಟೆನಾ), ಪಕ್ಕದಲ್ಲಿ ಒಂದು ಪುಟ್ಟ ಬೋರ್ಡ್. ಬೋರ್ಡಿನಲ್ಲಿ ಎಂಎಎಸ್6180 ಥರದ ಚಿಪ್ ಮತ್ತು 77.5 ಕಿಲೋಹರ್ಟ್ಜ್ ಕ್ರಿಸ್ಟಲ್ ಇರುತ್ತವೆ. ಕೊಳ್ಳುವಾಗ ಆವರ್ತನ ನೋಡಿಯೇ ಕೊಳ್ಳಿ. ಬ್ರಿಟನ್ನಿನ ಎಂಎಸ್ಎಫ್, ಅಮೆರಿಕದ ಡಬ್ಲ್ಯುಡಬ್ಲ್ಯುವಿಬಿ ಎರಡೂ 60 ಕಿಲೋಹರ್ಟ್ಜ್‌ನವು. ಅವುಗಳ ಮಾಡ್ಯೂಲ್ ನೋಡಲು ಹೀಗೇ ಇರುತ್ತದೆ, ಆದರೆ ಇಲ್ಲಿ ಕೆಲಸಕ್ಕೆ ಬಾರದು.

ಕಾಯಿಲ್ ನಾನೇ ಸುತ್ತುತ್ತೇನೆ ಅನ್ನುವವರಿಗೆ ಒಂದು ಲೆಕ್ಕ: 1 ಮಿಲಿಹೆನ್ರಿ ಕಾಯಿಲ್‌ಗೆ ಸುಮಾರು 4.2 ನ್ಯಾನೋಫ್ಯಾರಡ್ ಕೆಪಾಸಿಟರ್ ಬೇಕು. 2 ಮಿಲಿಹೆನ್ರಿಗೆ 2.1 ನ್ಯಾನೋಫ್ಯಾರಡ್. ಎಷ್ಟು ಸುತ್ತು ಅನ್ನುವುದು ಕಡ್ಡಿಯನ್ನು ಅವಲಂಬಿಸಿದೆ. ಸುತ್ತಿ, ಎಲ್‌ಸಿಆರ್ ಮೀಟರ್‌ನಲ್ಲಿ ಅಳೆದು, ಆಮೇಲೆ ಕೆಪಾಸಿಟರ್ ಆರಿಸಿ. ಆದರೆ ಮೊದಲ ಸಲಕ್ಕೆ ಸಿದ್ಧ ಮಾಡ್ಯೂಲ್ ತೆಗೆದುಕೊಳ್ಳುವುದೇ ವಾಸಿ. ಇಲ್ಲದಿದ್ದರೆ ದೋಷ ಕಾಯಿಲ್‌ನಲ್ಲಿದೆಯೋ ಪ್ರೋಗ್ರಾಂನಲ್ಲಿದೆಯೋ ಗೊತ್ತಾಗುವುದಿಲ್ಲ.

ಮೈಕ್ರೋಕಂಟ್ರೋಲರ್‌ಗೆ ನನ್ನ ಆಯ್ಕೆ ರಾಸ್ಪ್‌ಬೆರಿ ಪೈ ಪಿಕೊ. ಎರಡು ಕಾರಣ. ಅದು 3.3 ವೋಲ್ಟ್‌ನಲ್ಲಿ ಓಡುತ್ತದೆ, ಮಾಡ್ಯೂಲ್‌ಗಳೂ ಹೆಚ್ಚಾಗಿ 3.3 ವೋಲ್ಟ್ ಒಳಗಿನವೇ. ಎರಡನೆಯದು, ಅದರಲ್ಲಿ ಸಮಯವನ್ನು ನಿಖರವಾಗಿ ಎಣಿಸಲು ಕ್ರಿಸ್ಟಲ್ ಇದೆ. ಆರ್ಡುಯಿನೊ ಊನೊದ ಮುಖ್ಯ ಚಿಪ್‌ಗೆ ಸಿರಾಮಿಕ್ ರೆಸೊನೇಟರ್ ಇರುತ್ತದೆ. ಅದರ ತಪ್ಪು 0.5%ವರೆಗೂ ಇರಬಹುದು. ಅಂದರೆ ಒಂದು ಸೆಕೆಂಡಿಗೆ 5 ಮಿಲಿಸೆಕೆಂಡ್, ಒಂದು ನಿಮಿಷಕ್ಕೆ 300 ಮಿಲಿಸೆಕೆಂಡ್! ಊನೊದಲ್ಲೂ ಡಿಕೋಡ್ ಮಾಡಬಹುದು, ಆದರೆ ಮುಂದೆ ಹೇಳುವ ಗಟ್ಟಿ ವಿಧಾನಕ್ಕೆ ಕ್ರಿಸ್ಟಲ್ ಇದ್ದರೆ ಬಹಳ ಸುಲಭ.

ಹಂತ 2: ಜೋಡಣೆ

ಮಾಡ್ಯೂಲ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ತಂತಿ: ವಿದ್ಯುತ್, ಗ್ರೌಂಡ್, ಔಟ್‌ಪುಟ್ ಮತ್ತು ‘ಪಿಒಎನ್’. ಈ ನಾಲ್ಕನೆಯದನ್ನು ಹಲವರು ಸುಮ್ನೆ ಬಿಟ್ಟುಬಿಡುತ್ತಾರೆ, ಆಮೇಲೆ ಮಾಡ್ಯೂಲ್ ಸತ್ತಿದೆ ಅಂದುಕೊಳ್ಳುತ್ತಾರೆ. ಅದು ರಿಸೀವರ್ ಅನ್ನು ಎಬ್ಬಿಸುವ ಪಿನ್. ಅದನ್ನು ಗ್ರೌಂಡ್‌ಗೆ ಎಳೆದರೆ ಮಾತ್ರ ರಿಸೀವರ್ ಓಡುತ್ತದೆ. ಕೆಲವು ಮಾಡ್ಯೂಲ್‌ಗಳಿಗೆ ವಿದ್ಯುತ್ ಬಂದ ಮೇಲೆ ಈ ಪಿನ್ ಮೇಲಿನಿಂದ ಕೆಳಗೆ ಇಳಿಯುವುದು ಕಾಣಬೇಕು. ಹಾಗಾಗಿ ಅದನ್ನು ಮೈಕ್ರೋಕಂಟ್ರೋಲರ್‌ನ ಒಂದು ಪಿನ್‌ಗೆ ಕೊಟ್ಟು, ಶುರುವಿನಲ್ಲಿ ಒಂದು ಸೆಕೆಂಡ್ ಮೇಲಿಟ್ಟು, ಆಮೇಲೆ ಇಳಿಸಿಬಿಡಿ. ಎಲ್ಲ ಥರದವಕ್ಕೂ ಸಾಕಾಗುತ್ತದೆ.

ಔಟ್‌ಪುಟ್ ವಿಷಯದಲ್ಲಿ ಎಚ್ಚರ. ಎಂಎಎಸ್6180 ಥರದ ಚಿಪ್‌ಗಳ ಔಟ್‌ಪುಟ್ ಕೆಲವೇ ಮೈಕ್ರೋಆಂಪಿಯರ್ ಕೊಡಬಲ್ಲದು. ಅದಕ್ಕೆ ನೇರವಾಗಿ ಎಲ್‌ಇಡಿ ಹಾಕಿದರೆ ಸಿಗ್ನಲ್ ಕುಸಿಯುತ್ತದೆ. ಮೈಕ್ರೋಕಂಟ್ರೋಲರ್ ಒಳಗಿನ ಪುಲ್‌ಅಪ್ (ಪಿನ್ ಅನ್ನು ಮೇಲಕ್ಕೆ ಎಳೆದಿಡುವ ರೆಸಿಸ್ಟರ್) ಹಾಕಿದರೂ ಕುಸಿಯಬಹುದು. ಆದರೆ ಓಪನ್ ಕಲೆಕ್ಟರ್ (ಕೆಳಕ್ಕೆ ಮಾತ್ರ ಎಳೆಯಬಲ್ಲ) ಔಟ್‌ಪುಟ್ ಇರುವ ಮಾಡ್ಯೂಲ್‌ಗಳಿಗೆ ಪುಲ್‌ಅಪ್ ಬೇಕೇ ಬೇಕು. ನಿಮ್ಮದು ಯಾವ ಜಾತಿ ಅನ್ನುವುದನ್ನು ಡೇಟಾಶೀಟ್‌ನಲ್ಲಿ ನೋಡಿ. ಎಲ್‌ಇಡಿ ಮಿನುಗುವುದನ್ನು ನೋಡಬೇಕು ಅಂದರೆ, ಪಿನ್ ಓದಿ ಬೋರ್ಡಿನ ಎಲ್‌ಇಡಿಗೆ ಅದನ್ನೇ ನಕಲು ಮಾಡುವ ಎರಡು ಸಾಲಿನ ಪ್ರೋಗ್ರಾಂ ಬರೆಯಿರಿ.

ವಿದ್ಯುತ್ ದಾರಿಯಲ್ಲಿ 100 ಓಮ್‌ನ ಒಂದು ರೆಸಿಸ್ಟರ್, ಅದರಾಚೆ ಮಾಡ್ಯೂಲ್ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ ಮತ್ತು 100 ನ್ಯಾನೋಫ್ಯಾರಡ್ ಕೆಪಾಸಿಟರ್‌ಗಳನ್ನು ಹಾಕಿ. ಮಾಡ್ಯೂಲ್ ತಿನ್ನುವ ವಿದ್ಯುತ್ ತೀರಾ ಕಡಿಮೆ. ಹಾಗಾಗಿ ರೆಸಿಸ್ಟರ್‌ನಿಂದ ನಷ್ಟವಿಲ್ಲ, ಕೊಳೆ ಮಾತ್ರ ಸೋಸಿಹೋಗುತ್ತದೆ.

ಹಂತ 3: ಕಡ್ಡಿ ತಿರುಗಿಸುವುದು, ಗದ್ದಲದಿಂದ ದೂರ ಹೋಗುವುದು

ಇಲ್ಲೇ ಜಾಸ್ತಿ ಸಮಯ ಕೊಡಿ. ಫೆರೈಟ್ ಕಡ್ಡಿ ನೆಲಕ್ಕೆ ಸಮನಾಗಿ ಮಲಗಿರಬೇಕು. ಅದರ ತುದಿ ಮೈನ್‌ಫ್ಲಿಂಗೆನ್ ಕಡೆ ಇರಬಾರದು. ಅದರ ಮಗ್ಗುಲು ಆ ಕಡೆ ಇರಬೇಕು. ನೀವು ಮ್ಯೂನಿಕ್‌ನಲ್ಲಿದ್ದರೆ ಕೇಂದ್ರ ನಿಮಗೆ ವಾಯವ್ಯದಲ್ಲಿದೆ, ಆದ್ದರಿಂದ ಕಡ್ಡಿ ಈಶಾನ್ಯದಿಂದ ನೈಋತ್ಯಕ್ಕೆ. ಬರ್ಲಿನ್‌ನಲ್ಲಿದ್ದರೆ ಕೇಂದ್ರ ನೈಋತ್ಯದಲ್ಲಿದೆ, ಕಡ್ಡಿ ವಾಯವ್ಯದಿಂದ ಆಗ್ನೇಯಕ್ಕೆ.

ತುದಿ ಕೇಂದ್ರದತ್ತ ತಿರುಗಿದಾಗ ಸಿಗ್ನಲ್ ಬಹುತೇಕ ಮಾಯವಾಗುತ್ತದೆ. ಈ ಗುಣ ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ. ಮನೆಯೊಳಗೆ ಗದ್ದಲ (ಸಿಗ್ನಲ್‌ಗೆ ಅಡ್ಡಬರುವ ಬೇರೆ ತರಂಗಗಳು) ಮಾಡುವ ವಸ್ತು ಒಂದೇ ಇದ್ದರೆ, ತುದಿಯನ್ನು ಅದರತ್ತ ತಿರುಗಿಸಿ ನೋಡಿ. ಮೈನ್‌ಫ್ಲಿಂಗೆನ್ ಸ್ವಲ್ಪ ಓರೆಯಾದರೂ ಪರವಾಗಿಲ್ಲ. ಗದ್ದಲ ತಗ್ಗುವುದರಿಂದ ಸಿಗುವ ಲಾಭವೇ ದೊಡ್ಡದು.

ಗದ್ದಲ ಎಲ್ಲಿಂದ? ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್, ಎಲ್‌ಇಡಿ ಬಲ್ಬ್, ಮಂದಬೆಳಕಿನ ಡಿಮ್ಮರ್, ಟಿವಿ, ಮಾನಿಟರ್. ಇವುಗಳ ಒಳಗಿನ ಸ್ವಿಚಿಂಗ್ ಸರ್ಕ್ಯೂಟ್‌ಗಳು ಹತ್ತಾರು ಕಿಲೋಹರ್ಟ್ಜ್‌ನಲ್ಲಿ ಓಡುತ್ತವೆ. ಅಂದರೆ ನಮ್ಮ 77.5ರ ನೆರೆಹೊರೆಯಲ್ಲೇ. ನಿಮ್ಮ ಮೈಕ್ರೋಕಂಟ್ರೋಲರ್ ಮತ್ತು ಯುಎಸ್‌ಬಿ ತಂತಿಯೂ ಸುಮ್ಮನಿರುವುದಿಲ್ಲ. ಆಂಟೆನಾ ಬೋರ್ಡಿನಿಂದ ಕನಿಷ್ಠ 30 ಸೆಂಟಿಮೀಟರ್ ದೂರವಿರಲಿ, ಒಂದು ಮೀಟರ್ ಆದರೆ ಇನ್ನೂ ಒಳ್ಳೆಯದು. ಮಾಡ್ಯೂಲ್ ತಂತಿಗಳನ್ನು ಒಟ್ಟಿಗೆ ಹೊಸೆದುಬಿಡಿ.

ಮೊದಲ ಪ್ರಯತ್ನಕ್ಕೆ ಇಡೀ ಜೋಡಣೆಯನ್ನು ಬ್ಯಾಟರಿಯಲ್ಲಿ ಓಡಿಸಿ, ಬಾಲ್ಕನಿಗೋ ಕಿಟಕಿ ಹತ್ತಿರಕ್ಕೋ ಒಯ್ಯಿರಿ. ಕಬ್ಬಿಣ ತುಂಬಿದ ಕಾಂಕ್ರೀಟ್ ಗೋಡೆಗಳ ನಡುವೆ ಸಿಗ್ನಲ್ ಸೊರಗುತ್ತದೆ. ದೂರದ ಊರುಗಳಲ್ಲಿ ರಾತ್ರಿ ಹೊತ್ತು ಸಿಗ್ನಲ್ ಚೆನ್ನಾಗಿ ಬರುತ್ತದೆ. ಗುಡುಗು ಮಿಂಚು ಇರುವ ಸಂಜೆ ಪ್ರಯತ್ನಿಸಬೇಡಿ, ಅಂದಿನ ಫಲಿತಾಂಶ ನೋಡಿ ಮಾಡ್ಯೂಲ್ ಮೇಲೆ ತೀರ್ಪು ಕೊಡಲೂ ಬೇಡಿ.

ವಿದ್ಯುತ್ ಕೊಟ್ಟ ಮೇಲೆ ಒಂದು ನಿಮಿಷ ಮುಟ್ಟದೆ ಬಿಡಿ. ಚಿಪ್ ತನ್ನ ಗೇನ್ (ಸಿಗ್ನಲ್ ಅನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದು) ಹೊಂದಿಸಿಕೊಳ್ಳಬೇಕು. ಕಡ್ಡಿ ತಿರುಗಿಸಿದಾಗಲೂ ಅಷ್ಟೇ, ಒಂದಿಷ್ಟು ತಿರುಗಿಸಿ, ಕಾದು, ನೋಡಿ. ಎಲ್‌ಇಡಿ ಸೆಕೆಂಡಿಗೆ ಒಂದು ಸಲ ತಾಳ ತಪ್ಪದೆ ಮಿನುಗಬೇಕು. ಕೆಲವು ಮಿನುಗು ಗಿಡ್ಡ, ಕೆಲವು ಉದ್ದ. ನಿಮಿಷಕ್ಕೊಮ್ಮೆ ಒಂದು ಮಿನುಗು ತಪ್ಪಬೇಕು. ಇದು ಕಂಡರೆ ಕಷ್ಟದ ಭಾಗ ಮುಗಿದಂತೆಯೇ.

ಹಂತ 4: ಪಲ್ಸ್ ಅಳೆದು ಬರೆದಿಡುವುದು

ಈಗ ಒಂದು ಸಣ್ಣ ಪ್ರೋಗ್ರಾಂ. ಪಿನ್ ಬದಲಾದಾಗಲೆಲ್ಲ ಎರಡು ಸಂಖ್ಯೆ ಮುದ್ರಿಸಲಿ: ಈ ಪಲ್ಸ್ ಎಷ್ಟು ಮಿಲಿಸೆಕೆಂಡ್ ಉದ್ದವಿತ್ತು, ಹಿಂದಿನ ಪಲ್ಸ್ ಶುರುವಿನಿಂದ ಈ ಶುರುವಿಗೆ ಎಷ್ಟು ಅಂತರ. ಐದು ನಿಮಿಷ ಓಡಿಸಿ ಆ ಪಟ್ಟಿಯನ್ನು ಓದಿ.

ಅಂತರ 1000ರ ಆಸುಪಾಸು, ನಿಮಿಷಕ್ಕೊಮ್ಮೆ 2000 ಇರಬೇಕು. ಉದ್ದಗಳು ಎರಡು ಗುಂಪಾಗಿ ಕಾಣಬೇಕು. ಸರಿಯಾಗಿ 100 ಮತ್ತು 200 ಸಿಗುವುದಿಲ್ಲ. ರಿಸೀವರ್‌ನ ಕ್ರಿಸ್ಟಲ್ ಫಿಲ್ಟರ್ ಬಹಳ ಕಿರಿದು, ಅದು ಅಂಚುಗಳನ್ನು ನುಣುಪು ಮಾಡುತ್ತದೆ. ಒಂದು ಮಾಡ್ಯೂಲ್ 80 ಮತ್ತು 180 ತೋರಿಸಬಹುದು, ಇನ್ನೊಂದು 120 ಮತ್ತು 220. ನಿಮ್ಮ ಮಾಡ್ಯೂಲ್‌ನ ಎರಡು ಗುಂಪಿನ ಮಧ್ಯ ಎಲ್ಲಿದೆಯೋ ಅದೇ ನಿಮ್ಮ ಗಡಿ. ಬೇರೆಯವರ ಪ್ರೋಗ್ರಾಂನಿಂದ 150 ಅನ್ನುವ ಸಂಖ್ಯೆಯನ್ನು ಕಣ್ಣುಮುಚ್ಚಿ ತರಬೇಡಿ.

ಉದ್ದಗಳೆಲ್ಲ 800 ಅಥವಾ 900 ಬಂದರೆ ಗಾಬರಿ ಬೇಡ, ನಿಮ್ಮ ಔಟ್‌ಪುಟ್ ತಿರುವುಮುರುವಾಗಿದೆ ಅಷ್ಟೇ. ಪ್ರೋಗ್ರಾಂನಲ್ಲಿ ಮೇಲಿನದನ್ನು ಕೆಳಗೆ ಮಾಡಿ. 5, 12, 30 ಮಿಲಿಸೆಕೆಂಡಿನ ಚೂರುಗಳು ರಾಶಿ ಬಿದ್ದರೆ ಹಂತ 3ಕ್ಕೆ ವಾಪಸ್ ಹೋಗಿ.

ಹಂತ 5: ಬಿಟ್‌ಗಳ ಅರ್ಥ

ಎರಡು ಸೆಕೆಂಡಿನ ಖಾಲಿ ಜಾಗ ಕಂಡ ತಕ್ಷಣ ಎಣಿಕೆಯನ್ನು ಸೊನ್ನೆಗೆ ತನ್ನಿ. ಅಲ್ಲಿಂದ 59 ಬಿಟ್‌ಗಳನ್ನು, ಅಂದರೆ 0ಯಿಂದ 58ರವರೆಗೆ, ಸಾಲಾಗಿ ಇಟ್ಟುಕೊಳ್ಳಿ.

- 0: ಯಾವಾಗಲೂ ಸೊನ್ನೆ
- 1–14: ಹವಾಮಾನ ಮತ್ತು ಎಚ್ಚರಿಕೆಯ ಮಾಹಿತಿ, ನಮಗೆ ಬೇಡ
- 15: ಕೇಂದ್ರದ ಸಿಬ್ಬಂದಿಗೆ ಕರೆ
- 16: ಬೇಸಿಗೆ–ಚಳಿಗಾಲದ ಸಮಯ ಬದಲಾಗುವ ಮುಂಚಿನ ಒಂದು ಗಂಟೆ ಇದು 1
- 17, 18: ಬೇಸಿಗೆ ಸಮಯವಾದರೆ 1, 0, ಚಳಿಗಾಲವಾದರೆ 0, 1
- 19: ಲೀಪ್ ಸೆಕೆಂಡ್ (ಗಡಿಯಾರವನ್ನು ಭೂಮಿಯ ತಿರುಗುವಿಕೆಗೆ ಹೊಂದಿಸಲು ಸೇರಿಸುವ ಹೆಚ್ಚುವರಿ ಸೆಕೆಂಡ್) ಬರಲಿದೆ ಅನ್ನುವ ಸೂಚನೆ
- 20: ಯಾವಾಗಲೂ 1, ಇಲ್ಲಿಂದ ಸಮಯ ಶುರು
- 21–27: ನಿಮಿಷ (ಬೆಲೆಗಳು 1, 2, 4, 8, 10, 20, 40), 28: ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸಿದ ಬಿಟ್)
- 29–34: ಗಂಟೆ (1, 2, 4, 8, 10, 20), 35: ಪ್ಯಾರಿಟಿ
- 36–41: ತಾರೀಖು (1, 2, 4, 8, 10, 20)
- 42–44: ವಾರ (1, 2, 4), ಸೋಮವಾರ 1, ಭಾನುವಾರ 7
- 45–49: ತಿಂಗಳು (1, 2, 4, 8, 10)
- 50–57: ವರ್ಷದ ಕೊನೆಯ ಎರಡು ಅಂಕಿ (1, 2, 4, 8, 10, 20, 40, 80)
- 58: 36ರಿಂದ 57ರವರೆಗಿನ ಎಲ್ಲಕ್ಕೂ ಸೇರಿ ಒಂದು ಪ್ಯಾರಿಟಿ

ಒಂದು ಉದಾಹರಣೆ ಕೈಯಲ್ಲೇ ಬಿಡಿಸೋಣ. 2024ರ ನವೆಂಬರ್ 1, ರಾಜ್ಯೋತ್ಸವದ ದಿನ, ಶುಕ್ರವಾರ, ಜರ್ಮನಿಯಲ್ಲಿ ಮಧ್ಯಾಹ್ನ 14:37.

ನಿಮಿಷ 37. ಬಿಡಿ ಸ್ಥಾನದ 7ಕ್ಕೆ 1, 2, 4 ಸೇರಬೇಕು, ಆದ್ದರಿಂದ 1110. ಹತ್ತರ ಸ್ಥಾನದ 3ಕ್ಕೆ 10 ಮತ್ತು 20, ಆದ್ದರಿಂದ 110. ಒಟ್ಟು ಐದು ಒಂದುಗಳು. ಪ್ಯಾರಿಟಿ ಸೇರಿದ ಮೇಲೆ ಒಂದುಗಳ ಎಣಿಕೆ ಸಮಸಂಖ್ಯೆ ಆಗಬೇಕು ಅನ್ನುವುದು ನಿಯಮ, ಹಾಗಾಗಿ 28ನೇ ಬಿಟ್ 1. ಗಂಟೆ 14ಕ್ಕೆ 0010 ಮತ್ತು 10. ಎರಡು ಒಂದುಗಳು, ಆದ್ದರಿಂದ 35ನೇ ಬಿಟ್ 0. ತಾರೀಖು 1000 00, ಶುಕ್ರವಾರ ಅಂದರೆ 5, ಅದಕ್ಕೆ 101. ತಿಂಗಳು 11ಕ್ಕೆ 1000 1. ವರ್ಷ 24ಕ್ಕೆ 0010 0100. ದಿನಾಂಕದ ಭಾಗದಲ್ಲಿ ಒಟ್ಟು ಏಳು ಒಂದುಗಳು, ಆದ್ದರಿಂದ 58ನೇ ಬಿಟ್ 1. ಈ ಸಾಲನ್ನು ನಿಮ್ಮ ಡಿಕೋಡರ್‌ಗೆ ಕೈಯಾರೆ ಕೊಟ್ಟು ಉತ್ತರ ಸರಿ ಬರುತ್ತದೋ ನೋಡಿ, ಆಮೇಲೆ ರೇಡಿಯೊಗೆ ಜೋಡಿಸಿ.

ಈ ಸಾಲು ಪ್ರಸಾರವಾಗುವುದು 14:36ರ ನಿಮಿಷದಲ್ಲಿ! ಡಿಸಿಎಫ್77 ಹೇಳುವುದು ಯಾವಾಗಲೂ ಮುಂದಿನ ನಿಮಿಷದ ಸಮಯವನ್ನು. ಖಾಲಿ ಜಾಗ ಮುಗಿದು ಹೊಸ ಪಲ್ಸ್ ಶುರುವಾದ ಕ್ಷಣದಲ್ಲಿ ಗಡಿಯಾರ 14:37:00 ಆಗಬೇಕು. ಮನೆಯಲ್ಲಿ ಮಾಡಿದ ಗಡಿಯಾರ ಒಂದು ನಿಮಿಷ ತಪ್ಪು ತೋರಿಸುತ್ತಿದ್ದರೆ ಮೊದಲು ಇದನ್ನೇ ನೋಡಿ.

ಊರಿನ ಸಮಯವನ್ನೂ ಪಕ್ಕದಲ್ಲಿ ತೋರಿಸಬೇಕಾ? ಚಳಿಗಾಲದಲ್ಲಿ 4 ಗಂಟೆ 30 ನಿಮಿಷ, ಬೇಸಿಗೆಯಲ್ಲಿ 3 ಗಂಟೆ 30 ನಿಮಿಷ ಕೂಡಿಸಿ. ಯಾವುದು ಅನ್ನುವುದನ್ನು 17 ಮತ್ತು 18ನೇ ಬಿಟ್ ಹೇಳುತ್ತವೆ, ನೀವು ಕ್ಯಾಲೆಂಡರ್ ನೋಡಬೇಕಾಗಿಲ್ಲ. ನಮ್ಮ ಉದಾಹರಣೆಯ ಹೊತ್ತಿಗೆ ಬೆಂಗಳೂರಿನಲ್ಲಿ ಸಂಜೆ 7:07.

ಹಂತ 6: ಸುಳ್ಳು ಸಮಯವನ್ನು ತಡೆಯುವುದು

ಪ್ಯಾರಿಟಿ ಒಂದು ಬಿಟ್ ಕೆಟ್ಟರೆ ಹಿಡಿಯುತ್ತದೆ. ಒಂದೇ ಪ್ಯಾರಿಟಿಯ ಗುಂಪಿನಲ್ಲಿ ಎರಡು ಕೆಟ್ಟರೆ ಹಿಡಿಯುವುದಿಲ್ಲ. ಗದ್ದಲದ ನಡುವೆ ಎರಡು ಕೆಡುವುದು ಅಪರೂಪವೇನಲ್ಲ. ಆದ್ದರಿಂದ ಇನ್ನಷ್ಟು ಪರೀಕ್ಷೆ ಬೇಕು. 0ನೇ ಬಿಟ್ ಸೊನ್ನೆಯೇ? 20ನೆಯದು ಒಂದೇ? 17 ಮತ್ತು 18 ಬೇರೆ ಬೇರೆಯೇ? ನಿಮಿಷ 59ರ ಒಳಗೆ, ಗಂಟೆ 23ರ ಒಳಗೆ ಇದೆಯೇ? ತಾರೀಖಿಗೂ ವಾರಕ್ಕೂ ತಾಳೆ ಆಗುತ್ತದೆಯೇ?

ಇಷ್ಟೆಲ್ಲ ದಾಟಿದರೂ ಮೊದಲ ನಿಮಿಷವನ್ನು ನಂಬಬೇಡಿ. ಮುಂದಿನ ನಿಮಿಷದ ಉತ್ತರ ಸರಿಯಾಗಿ ಒಂದು ನಿಮಿಷ ಹೆಚ್ಚಿದ್ದರೆ ಆಗ ಗಡಿಯಾರ ಹೊಂದಿಸಿ. ತಪ್ಪು ಸಮಯ ತೋರಿಸುವ ಗಡಿಯಾರಕ್ಕಿಂತ ‘ಇನ್ನೂ ಸಮಯ ಸಿಕ್ಕಿಲ್ಲ’ ಅನ್ನುವ ಗಡಿಯಾರ ಎಷ್ಟೋ ಮೇಲು ಅಲ್ವಾ?

ಲೀಪ್ ಸೆಕೆಂಡ್ ಬಂದರೆ ಆ ನಿಮಿಷದಲ್ಲಿ 59ನೇ ಸೆಕೆಂಡಿಗೂ ಒಂದು ಸೊನ್ನೆ ಬರುತ್ತದೆ, ಖಾಲಿ ಜಾಗ ಒಂದು ಸೆಕೆಂಡ್ ಮುಂದೆ ಹೋಗುತ್ತದೆ. 2016ರ ಕೊನೆಯಲ್ಲಿ ಹೀಗಾಗಿತ್ತು. 19ನೇ ಬಿಟ್ 1 ಇದ್ದಾಗ 60 ಬಿಟ್‌ಗಳನ್ನು ಒಪ್ಪುವಂತೆ ಬರೆದಿಟ್ಟರೆ ಸಾಕು.

ಹಂತ 7: ಗದ್ದಲವಿರುವ ಮನೆಗೆ ಗಟ್ಟಿ ವಿಧಾನ

ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದು. ಪಲ್ಸ್‌ನ ಅಂಚನ್ನು ಹುಡುಕುವ ವಿಧಾನ ಒಂದು ಸಣ್ಣ ಚೂರು ಗದ್ದಲಕ್ಕೂ ಎಡವುತ್ತದೆ. ಒಂದು ಪಲ್ಸ್ ಮಧ್ಯೆ ತುಂಡಾದರೆ ಎಣಿಕೆ ತಪ್ಪಿ ಇಡೀ ನಿಮಿಷ ಹಾಳು. ಬದಲಿಗೆ ಅಂಚನ್ನೇ ಮರೆತುಬಿಡಿ.

ಟೈಮರ್ ಇಟ್ಟು 10 ಮಿಲಿಸೆಕೆಂಡಿಗೊಮ್ಮೆ ಪಿನ್ ಓದಿ. ಒಂದು ಸೆಕೆಂಡಿಗೆ 100 ಮಾದರಿ. 100 ಡಬ್ಬಿಗಳ ಒಂದು ಸಾಲು ಮಾಡಿ, ಪ್ರತಿ ಸೆಕೆಂಡಿನ ಮೊದಲ ಮಾದರಿ ಮೊದಲ ಡಬ್ಬಿಗೆ, ಎರಡನೆಯದು ಎರಡನೆಯದಕ್ಕೆ, ಹೀಗೆ ಕೂಡಿಸುತ್ತಾ ಹೋಗಿ. ಗದ್ದಲ ಎಲ್ಲ ಡಬ್ಬಿಗಳಿಗೂ ಹರಡಿ ಬೀಳುತ್ತದೆ. ನಿಜವಾದ ಇಳಿತ ಮಾತ್ರ ಪ್ರತಿ ಸಲ ಅದೇ ಡಬ್ಬಿಗಳಿಗೆ ಬೀಳುತ್ತದೆ. ಒಂದೆರಡು ನಿಮಿಷದಲ್ಲಿ ಅಲ್ಲೊಂದು ಗುಡ್ಡ ಎದ್ದು ನಿಲ್ಲುತ್ತದೆ. ಅದರ ಬುಡವೇ ಸೆಕೆಂಡಿನ ಶುರು.

ಆ ಜಾಗ ಸಿಕ್ಕ ಮೇಲೆ ಪ್ರತಿ ಸೆಕೆಂಡಿನಲ್ಲಿ ಎರಡು ಕಿಟಕಿ ಮಾತ್ರ ನೋಡಿ: ಮೊದಲ 100 ಮಿಲಿಸೆಕೆಂಡ್ ಮತ್ತು ಎರಡನೆಯ 100. ಎರಡನೆಯದರ 10 ಮಾದರಿಗಳಲ್ಲಿ ಬಹುಪಾಲು ಇಳಿತವಾಗಿದ್ದರೆ ಬಿಟ್ 1. ಎರಡೂ ಕಿಟಕಿ ಖಾಲಿ ಇದ್ದರೆ ಅದು 59ನೇ ಸೆಕೆಂಡ್. ಉಳಿದ 800 ಮಿಲಿಸೆಕೆಂಡಿನಲ್ಲಿ ಏನು ಗದ್ದಲವಾದರೂ ನಿಮಗೆ ಸಂಬಂಧವಿಲ್ಲ.

ಕ್ರಿಸ್ಟಲ್ ಬೇಕು ಅಂದದ್ದು ಇದಕ್ಕೇ. ಹತ್ತು ಲಕ್ಷಕ್ಕೆ 50 ಭಾಗ ತಪ್ಪಿರುವ ಕ್ರಿಸ್ಟಲ್ ಒಂದು ನಿಮಿಷಕ್ಕೆ ಬರೀ 3 ಮಿಲಿಸೆಕೆಂಡ್ ಜಾರುತ್ತದೆ, ಗುಡ್ಡ ಮಸುಕಾಗುವುದಿಲ್ಲ. ಹಳೆಯ ಮೊತ್ತ ನಿಧಾನಕ್ಕೆ ಕರಗುವಂತೆ ಮಾಡಿದರೆ ಆ ಜಾರಿಕೆಯನ್ನೂ ಅದೇ ಹಿಂಬಾಲಿಸುತ್ತದೆ. ಸಮಯ ಒಮ್ಮೆ ಸಿಕ್ಕ ಮೇಲೆ ಗಡಿಯಾರ ಕ್ರಿಸ್ಟಲ್ ಮೇಲೆಯೇ ಓಡಲಿ. ಮನೆಯ ಗದ್ದಲ ಅಡಗುವ ನಡುರಾತ್ರಿಯ ನಂತರ ದಿನಕ್ಕೊಮ್ಮೆ ಸರಿ ಮಾಡಿಕೊಂಡರೆ ಸಾಕು.

ಕರ್ನಾಟಕದಲ್ಲಿ ಇದ್ದುಕೊಂಡು ಕಲಿಯುವುದು

ಮೈನ್‌ಫ್ಲಿಂಗೆನ್ ಸಿಗ್ನಲ್ ಸುಮಾರು 2000 ಕಿ.ಮೀ.ವರೆಗೆ ಉಪಯೋಗಕ್ಕೆ ಬರುತ್ತದೆ. ಬೆಂಗಳೂರು ಅಲ್ಲಿಂದ 7000 ಕಿ.ಮೀ.ಗಿಂತ ದೂರ. ನಮ್ಮಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಹಿಂದೆ ಎಟಿಎ ಎಂಬ ಹೆಸರಿನಲ್ಲಿ ಶಾರ್ಟ್‌ವೇವ್‌ನಲ್ಲಿ ಸಮಯ ಬಿತ್ತರಿಸುತ್ತಿತ್ತು, ಅದು ಈಗಿಲ್ಲ. ಆದರೂ ಎರಡು ದಾರಿಗಳಿವೆ.

ಒಂದು, ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್. ಬ್ರೌಸರ್‌ನಲ್ಲೇ ಕೇಳುವ ಈ ರೇಡಿಯೊವನ್ನು 77.5 ಕಿಲೋಹರ್ಟ್ಜ್ ಹತ್ತಿರ ಸಿಡಬ್ಲ್ಯು (ಬರೀ ಕ್ಯಾರಿಯರ್ ಅನ್ನು ಸ್ವರವಾಗಿ ಕೇಳಿಸುವ) ಮೋಡ್‌ನಲ್ಲಿಟ್ಟರೆ ಒಂದೇ ಸ್ವರ ಕೇಳುತ್ತದೆ, ಸೆಕೆಂಡಿಗೊಮ್ಮೆ ಅದು ತಗ್ಗುತ್ತದೆ. ಹತ್ತು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಪೈಥಾನ್‌ನಲ್ಲಿ 10 ಮಿಲಿಸೆಕೆಂಡಿಗೊಂದರಂತೆ ಆ ಸ್ವರದ ಮಟ್ಟ ಅಳೆದು, ಹಂತ 7ರ ಡಬ್ಬಿಗಳಿಗೆ ತುಂಬಿ. ಇಂಟರ್ನೆಟ್‌ನ ತಡ ಇರುವುದರಿಂದ ಇದರಿಂದ ಗಡಿಯಾರ ಹೊಂದಿಸಲಾಗದು. ಡಿಕೋಡರ್ ಬರೆದು ಪರೀಕ್ಷಿಸಲು ಮಾತ್ರ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.

ಇನ್ನೊಂದು, ಮೇಜಿನ ಮೇಲೆ ಪುಟ್ಟ ನಕಲಿ ಕೇಂದ್ರ. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಮಾರುಕಟ್ಟೆಯಲ್ಲೋ ಆನ್‌ಲೈನ್‌ನಲ್ಲೋ ಎಸ್‌ಐ5351 ಕ್ಲಾಕ್ ಬೋರ್ಡ್ (ಬೇಕಾದ ಆವರ್ತನ ಹುಟ್ಟಿಸುವ ಚಿಪ್ ಇರುವುದು) ಕೊಂಡು 77.5 ಕಿಲೋಹರ್ಟ್ಜ್ ಹುಟ್ಟಿಸಿ. ಊನೊದ ಟೈಮರ್‌ನಿಂದಲೇ ಮಾಡಬಾರದೇ ಅನ್ನಿಸಬಹುದು. 16 ಮೆಗಾಹರ್ಟ್ಜ್ ಅನ್ನು 206ರಿಂದ ಭಾಗಿಸಿದರೆ 77.67 ಬರುತ್ತದೆ, 207ರಿಂದ ಭಾಗಿಸಿದರೆ 77.29. ಮಾಡ್ಯೂಲ್‌ನ ಕಿರಿದಾದ ಫಿಲ್ಟರ್ ಎರಡನ್ನೂ ಒಳಗೆ ಬಿಡುವುದಿಲ್ಲ.

ಎಸ್‌ಐ5351ರ ಔಟ್‌ಪುಟ್‌ಗೆ 1 ಕಿಲೋಓಮ್ ರೆಸಿಸ್ಟರ್ ಹಾಕಿ, ಗೇಣುದ್ದ ತಂತಿಯನ್ನು ಒಂದು ಸುತ್ತು ಮಾಡಿ ಗ್ರೌಂಡ್‌ಗೆ ಸೇರಿಸಿ. ಫೆರೈಟ್ ಕಡ್ಡಿಯನ್ನು ಆ ಸುತ್ತಿನ ಪಕ್ಕದಲ್ಲಿಡಿ. ಇಳಿತದ ಹೊತ್ತಿಗೆ ಔಟ್‌ಪುಟ್ ಪೂರ್ತಿ ನಿಲ್ಲಿಸಿದರೂ ಮಾಡ್ಯೂಲ್ ಒಪ್ಪಿಕೊಳ್ಳುತ್ತದೆ. ಆಂಪ್ಲಿಫೈಯರ್ ಆಗಲಿ ಉದ್ದ ಆಂಟೆನಾ ಆಗಲಿ ಸೇರಿಸಬೇಡಿ, ಸಿಗ್ನಲ್ ಆ ಮೇಜು ದಾಟಬಾರದು. ಮೊದಲು ನವೆಂಬರ್ 1ರ ಆ 59 ಬಿಟ್‌ಗಳನ್ನೇ ಕಳಿಸಿ. ಡಿಕೋಡರ್ ಓದಿದ ಮೇಲೆ ಬೇಕೆಂದೇ ಒಂದು ಬಿಟ್ ಕೆಡಿಸಿ ಕಳಿಸಿ, ಆಮೇಲೆ ಎರಡು ಕೆಡಿಸಿ. ಹಂತ 6ರ ಪರೀಕ್ಷೆಗಳಲ್ಲಿ ಯಾವುದು ಯಾವ ತಪ್ಪನ್ನು ಹಿಡಿಯಿತು ಅನ್ನುವುದನ್ನು ಪರದೆಯ ಮೇಲೆ ಮುದ್ರಿಸುವಂತೆ ಮಾಡಿ.